ಏಲಕ್ಕಿ ಗೂಡಿನ ಸುದ್ದಿ

ಅಪ್ಪಣೆ ಇಲ್ಲವಂತೆ. ಮನೆ ನನ್ನದು, ಹಳೇ ಲ್ಯಾಪ್‌ಟಾಪು ನನ್ನದು, ಅದಕ್ಕೆ ಲಿನಕ್ಸ್ ಹಾಕಿ ಸರ್ವರ್ ಮಾಡಿದವಳೂ ನಾನೇ. ಆದರೂ ಒಂದು ಫೈಲು ಬರೆಯೋಕೆ ಹೋದರೆ ನಿನಗೆ ಅಪ್ಪಣೆ ಇಲ್ಲ ಅಂತ ಅದು ನನಗೇ ಹೇಳ್ತದೆ. ಅತ್ತೆ ಬದುಕಿದ್ದಾಗಲೂ ಇಷ್ಟು ದರ್ಬಾರು ನೋಡಿರಲಿಲ್ಲ ನಾನು.

ಈ ಒದ್ದಾಟವೆಲ್ಲ ನನ್ನ ಮಾವನಿಗಾಗಿ. ಹೆಸರು ದುರೈ. ಬೋಡಿನಾಯಕನೂರಿನ ನಮ್ಮ ಮನೆ ಹಿಂದೆ ಏಲಕ್ಕಿ ಒಣಗಿಸೋ ಗೂಡಿದೆ. ಒಲೆ ಕಾವು ಮೀರಿದರೆ ಕಾಯಿಯ ಹಸಿರು ಹೋಗಿ ಕಂದಾಗ್ತದೆ, ಕಂದಾದ ಕಾಯಿಯನ್ನ ಯಾರೂ ಮೂಸಿ ನೋಡಲ್ಲ. ಅದಕ್ಕೇ ಮಾವ ಹಗಲೆಲ್ಲ ಒಲೆ ಪಕ್ಕ ಹೊಗೆ ಕುಡೀತಾ ಕೂತಿರ್ತಾರೆ. ಉಸಿರು ಎಳೆದರೆ ಎದೆ ಸಿಳ್ಳೆ ಹಾಕ್ತದೆ, ಮೂಗಿಗೆ ವಾಸನೆ ಹತ್ತೋದು ನಿಂತು ಎಷ್ಟೋ ವರ್ಷವಾಯ್ತು. ಇನ್ನೂ ಹೊಗೆಯಲ್ಲೇ ಕೂತರೆ ಮುಂದಿನ ಸುಗ್ಗಿ ನೋಡಲ್ಲ ಅಂತ ಡಾಕ್ಟರು ನನ್ನೆದುರೇ ಹೇಳಿದರು. ಮಾವ ಹೂಂ ಅಂದು, ಬಸ್ಸಿಳಿದು, ಸೀದಾ ಗೂಡಿಗೆ ಹೋದರು. ನನಗೆ ಅಳೂನೂ ಬಂತು, ಸಿಟ್ಟೂ ಬಂತು.

ಗೂಡಿನೊಳಗೆ ಕಾವು ಅಳೆಯೋ ಸೆನ್ಸರ್ ಇಟ್ಟು, ಮಿತಿ ದಾಟಿದರೆ ಫೋನಿಗೆ ಸುದ್ದಿ ಬರೋ ಹಾಗೆ ಮಾಡೋಣ, ಆಗ ಮಾತ್ರ ಎದ್ದು ಹೋಗಿ ಕಿಂಡಿ ತೆಗೀಲಿ ಅಂತ ನನ್ನ ಲೆಕ್ಕ. ಮೊದಲು ಯಾವುದೋ ರೆಡಿಮೇಡ್ ಆಪ್ ಹಾಕಿದ್ದೆ. ಅದು ಗೂಡಿನ ಸುದ್ದಿ ಜೊತೆ ಸೀರೆ ಜಾಹೀರಾತನ್ನೂ ಕಳಿಸ್ತಿತ್ತು. ಮಾವ ಎರಡನ್ನೂ ನೋಡೋದು ಬಿಟ್ಟರು. ಹಾಗಾದರೆ ಸುದ್ದಿ ಕಳಿಸೋ ಸರ್ವರನ್ನ ನಾನೇ ಮನೇಲಿ ಕೂರಿಸ್ತೀನಿ ಅಂತ ಹಟ ಹಿಡಿದೆ. ತೇನಿಯ ಶಾಲೆಯಲ್ಲಿ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡೋಳು, ಇಷ್ಟು ಬರಲ್ವಾ ಅನ್ನೋ ಕೊಬ್ಬು ಬೇರೆ.

ಅಪ್ಪಣೆ ಸಿಕ್ಕಿತು ಅಂದ್ಕೊಂಡರೆ ಪೋರ್ಟು, ಅಂದರೆ ಸುದ್ದಿ ಹೋಗಿ ಬರೋ ಬಾಗಿಲು, ಖಾಲಿ ಇಲ್ಲವಂತೆ, ಯಾರೋ ಕೂತಿದ್ದಾರಂತೆ. ಯಾರಪ್ಪ ಅಂತ ಹುಡುಕಿದರೆ, ನಿನ್ನೆ ನಾನೇ ಅರ್ಧಕ್ಕೆ ಬಿಟ್ಟ ಅದೇ ಪ್ರೋಗ್ರಾಮು. ಅದನ್ನ ಎಬ್ಬಿಸಿ ಇದನ್ನ ಕೂರಿಸಿದೆ. ಕರೆಂಟು ಹೋಗಿ ಬಂದರೆ ಮತ್ತೆ ಮಲಗಿಬಿಡ್ತು, ತಾನಾಗಿ ಏಳೋಕೂ ಅದಕ್ಕೆ ಬೇರೆ ಬರೆದುಕೊಡಬೇಕು. ಕೊನೆಗೆ ಸರ್ವರ್ ಸುದ್ದಿ ಕಳಿಸ್ತು, ಮಾವನ ಫೋನು ಬ್ಯಾಟರಿ ಉಳಿಸೋ ನೆಪದಲ್ಲಿ ಅದನ್ನ ನುಂಗಿ ಸುಮ್ಮನಾಯಿತು. ದೇವರು ಕೊಟ್ಟರೂ ಪೂಜಾರಿ ಕೊಡ. ನನ್ನ ಗಂಡ ಮಣಿಕಂಡನ್, ಒಡ್ಡನ್‌ಛತ್ರಂನಿಂದ ತರಕಾರಿ ಲಾರಿ ಕಳಿಸೋನು, ಗೂಡಿಗೊಂದು ಗಂಟೆ ಕಟ್ಟಿದ್ದರೆ ಆಗ್ತಿತ್ತು ಅಂತ ನಕ್ಕ. ಅವನ ಮುಖ ನೋಡದೆ ಕೆಲಸ ಮುಗಿಸಿದೆ.

ಮಾವ ಗಾಬರಿಯಾಗಬಾರದು ಅಂತ ಫೋನಿಗೆ ಮೆತ್ತಗಿನ ದನಿ ಇಟ್ಟೆ. ಒಂದು ಸಲ ಹೊಡೆದು ನಿಲ್ಲೋದು. ಮಾವನ ಎದುರೇ ಪರೀಕ್ಷೆ ಮಾಡಿದೆ. ಹೊಡೀತು. ಸರಿ ತಾಯಿ, ಬಂತು ಅಂತ ತಲೆ ಆಡಿಸಿ ಜಗಲಿ ಮೇಲೆ ಕೂತರು.

ಮರುದಿನ ಶಾಲೆಯಿಂದ ಬಂದಾಗ ಬೀದಿ ತಿರುವಲ್ಲೇ ಸುಟ್ಟ ವಾಸನೆ. ಗೂಡಿನ ಬಾಗಿಲು ತೆಗೆದರೆ ತಟ್ಟೆ ತಟ್ಟೆಯೂ ಕಂದು. ಓಡಿಹೋಗಿ ಸರ್ವರ್ ನೋಡಿದೆ: ಕಾವು ಏರಿದಾಗಿನಿಂದ ಸುದ್ದಿ ಮೇಲೆ ಸುದ್ದಿ ಕಳಿಸಿದೆ, ಮಾವನ ಫೋನಿಗೆ ಎಲ್ಲವೂ ತಲುಪಿದೆ. ನನ್ನ ಇಷ್ಟು ದಿನದ ಕೆಲಸ ಹೊಳೇಲಿ ಹುಣಸೆ ಕಿವುಚಿದ ಹಾಗಾಯಿತು. ಫೋನು ಹೊಡೀಲಿಲ್ವಾ ಅಂತ ಮಾವನ ಮೇಲೆ ರೇಗಿದೆ.

"ಹೊಡೀತಲ್ಲ ತಾಯಿ," ಅಂದರು. "ಮತ್ತೆ ಮತ್ತೆ ಹೊಡೀತು. ಇವತ್ತು ಕಾಯಿ ಭಾರೀ ಚೆಂದಾಗಿ ಒಣಗ್ತಾ ಅದೆ ಅಂದ್ಕೊಂಡೆ."

ಆಗ ನನಗೆ ಹೊಳೀತು. ನಮ್ಮಲ್ಲಿ ಘಾಟಿ ಹತ್ತಿ ಏಲಕ್ಕಿ ತೋಟಕ್ಕೆ ಹೋದೋರು ಮನೆಗೆ ಒಂದು ರಿಂಗು ಕೊಟ್ಟು ಕತ್ತರಿಸ್ತಾರೆ. ಬಂದು ಸೇರಿದೆ, ಎಲ್ಲ ಸರಿ ಅಂತ ಅರ್ಥ. ಯಾರೂ ಎತ್ತಲ್ಲ, ನೋಡೋದೂ ಇಲ್ಲ. ಹೊಡೀದೇ ಇದ್ದರೆ ಮಾತ್ರ ಹುಡುಕಿಕೊಂಡು ಹೊರಡ್ತಾರೆ. ದಿನಾ ತೇನಿ ಮುಟ್ಟಿ ಮಾವನಿಗೆ ಹಾಗೇ ಹೊಡೆಯೋ ಮೂಳಿ ನಾನೇ, ಕಾವು ಮೀರಿದೆ ಅಂತ ಹೇಳೋಕೆ ಅದೇ ಒಂದು ರಿಂಗು ಇಟ್ಟು, ಅದರ ಅರ್ಥ ಬಿಡಿಸಿ ಹೇಳೋದನ್ನೂ ಮರೆತಿದ್ದೆ.

ಮಾವ ಒಂದು ಮಾತೂ ಬೈಲಿಲ್ಲ. ಬೆಳಗಾದರೆ ಮತ್ತೆ ಒಲೆ ಪಕ್ಕ, ಮತ್ತೆ ಅದೇ ಕೆಮ್ಮು. ಬೈದಿದ್ದರೇ ಚೆನ್ನಾಗಿತ್ತು.

ಭಾನುವಾರ ಎಲ್ಲ ತಿರುವಿ ಹಾಕಿದೆ. ಕಾವು ಸರಿ ಇರೋ ತನಕ ಆಗಾಗ ಒಂದು ರಿಂಗು. ಕಾವು ಮೀರಿದರೆ, ಕರೆಂಟು ಹೋದರೆ, ಸರ್ವರ್ ಸತ್ತರೂ, ಫೋನು ಸುಮ್ಮನೆ. ಗೂಡಿಗೇ ಹೋಗಿ ಮಾವನಿಗೆ ವಿವರಿಸಿದೆ. ಆದರೂ ನನಗೇ ಅನುಮಾನ, ಬರದೇ ಇರೋ ರಿಂಗು ನಿಮಗೆ ಹೇಗೆ ಗೊತ್ತಾಗ್ತದೆ ಅಂತ ಕೇಳಿದೆ.

"ನಿನ್ನ ಬಸ್ಸು ತಡವಾದ ದಿನ ನನಗೆ ಯಾರು ಬಂದು ಹೇಳ್ತಾರೆ?" ಅಂದರು.

ಅಷ್ಟರಲ್ಲಿ ಅವರ ಜೇಬಲ್ಲಿ ಫೋನು ಒಂದು ಸಲ ಹೊಡೆದು ನಿಂತಿತು. ಮಾವ ಅದನ್ನ ತೆಗೆದೂ ನೋಡಲಿಲ್ಲ. ಟವೆಲ್ಲು ಹೆಗಲಿಗೆ ಹಾಕಿಕೊಂಡು, ಒಲೆ ಬಿಟ್ಟು ಎದ್ದು, ಮನೆ ಕಡೆ ನಡೆದರು.