ಹದಿನಾಲ್ಕನೇ ಕಂಬ

ನಾನು ಹುಟ್ಟಿ ಬೆಳೆದ ಊರನ್ನು ಮೇಲಿನಿಂದ ನೋಡಿದ್ದು ಅರವತ್ತೆಂಟನೇ ವಯಸ್ಸಿನಲ್ಲಿ, ಅದೂ ಕುರ್ಚಿಯ ಮೇಲೆ ಕೂತುಕೊಂಡು.

ನಗರಸಭೆಯ ಆಸ್ತಿ ವಿಭಾಗದ ದಾಖಲೆ ಕೋಣೆಯಲ್ಲಿ ಮೂವತ್ತೆರಡು ವರ್ಷ ದುಡಿದವಳು ನಾನು. ಸೇರಿದಾಗ ಹೆಬ್ಬೆಟ್ಟು ಒತ್ತಿದ್ದೆ, ರಾತ್ರಿ ಶಾಲೆಗೆ ಹೋಗಿ ಓದಲು ಕಲಿತ ಮೇಲೆ ಸಹಿ ಹಾಕಿದೆ. ನಿವೃತ್ತಿಯಾಗಿ ಮನೆಯಲ್ಲಿದ್ದವಳನ್ನು ಮತ್ತೆ ಕರೆಸಿದರು. ಯಾವ ಕಟ್ಟು ಯಾವ ಕಪಾಟಿನಲ್ಲಿದೆ ಎಂದು ಗೊತ್ತಿದ್ದವರು ಬೇರೆ ಯಾರೂ ಇರಲಿಲ್ಲ. ಆಫೀಸಿನಲ್ಲಿ ನನ್ನ ಹೆಸರು ಕಡತಜ್ಜಿ. ಬೆನ್ನ ಹಿಂದೆ ಮಾತ್ರವಲ್ಲ, ಎದುರಿಗೂ ಹಾಗೇ ಕರೆಯುತ್ತಾರೆ.

ಹಿಂದೆಲ್ಲ ನಗರಸಭೆಯ ಒಂದು ಜಾಗವನ್ನು ಉಳಿಸಿಕೊಳ್ಳಬೇಕೋ ಮಾರಬೇಕೋ ಎಂದು ತೀರ್ಮಾನಿಸಲು ಅದರ ಕಡತ ಒಂಬತ್ತು ಮೇಜು ಸುತ್ತಬೇಕಿತ್ತು. ನೀರಿನವರು, ರಸ್ತೆಯವರು, ತೋಟದವರು, ದೀಪದವರು, ಎಲ್ಲರೂ ‘ಸ್ಥಳ ಪರಿಶೀಲನೆ ಅಗತ್ಯ’ ಎಂದು ಬರೆಯುತ್ತಿದ್ದರು. ಸ್ಥಳಕ್ಕೆ ಹೋದವರು ಯಾರು ಎಂದು ಮಾತ್ರ ನನ್ನನ್ನು ಕೇಳಬೇಡಿ. ಕೆಲವು ಕಡತಗಳನ್ನು ನನ್ನ ಮಕ್ಕಳಿಗಿಂತ ಹೆಚ್ಚು ಸಲ ಎತ್ತಿಕೊಂಡು ಓಡಾಡಿದ್ದೇನೆ.

ಈಗ ಅದೆಲ್ಲ ಬೇಡ ಎಂದು ನಕ್ಷೆಯ ಇಂಜಿನಿಯರ್ ಬಂದಿದ್ದರು. ನಲವತ್ತರ ಹತ್ತಿರದ ಹೆಂಗಸು, ಕನ್ನಡಕ ತಲೆಯ ಮೇಲಿಟ್ಟುಕೊಂಡು ಅದನ್ನೇ ಹುಡುಕುವವರು. ನಾನು ತೆಗೆದುಕೊಟ್ಟ ಹಳೆಯ ಅಳತೆ ಪುಸ್ತಕಗಳ ಲೆಕ್ಕವನ್ನೆಲ್ಲ ಅವರು ಕಂಪ್ಯೂಟರಿಗೆ ಸೇರಿಸಿದ್ದರು. ಆ ದಿನ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, “ಅಮ್ಮಾ, ನಿಮ್ಮ ಕಪಾಟುಗಳೆಲ್ಲ ಇಲ್ಲಿವೆ ನೋಡಿ” ಎಂದು ಒಂದು ಗುಂಡಿ ಒತ್ತಿದರು.

ಇಡೀ ಊರು ಎದ್ದು ಬಂತು! ಆಕಾಶದಿಂದ ತೆಗೆದ ಫೋಟೋದ ಮೇಲೆ ನಗರಸಭೆಯ ಆರುನೂರು ಜಾಗಗಳು ಬಣ್ಣ ಬಳಿದುಕೊಂಡು ಕೂತಿದ್ದವು. ಉಳಿಸಿಕೊಳ್ಳುವುದು ಹಸಿರು, ಮಾರುವುದು ಕೆಂಪು, ಇನ್ನೂ ತೀರ್ಮಾನವಾಗದ್ದು ಹಳದಿ. ಒಂಬತ್ತು ಇಲಾಖೆಯವರೂ ತಮ್ಮ ತಮ್ಮ ಮೇಜಿನಿಂದಲೇ ಇದನ್ನು ನೋಡಿ ಒಂದೇ ದಿನ ಅಭಿಪ್ರಾಯ ಬರೆಯಬಹುದಂತೆ. ನಾನು ಬಾಯಿಗೆ ಸೆರಗು ಅಡ್ಡ ಹಿಡಿದು ಕೂತೆ. ಧೂಳು ಒರೆಸುತ್ತಾ ಆಯುಸ್ಸು ಕಳೆದ ಆ ಕಾಗದಗಳ ಒಳಗೆ ಇಷ್ಟು ದೊಡ್ಡ ಊರು ಮಲಗಿತ್ತೇ?

“ನಮ್ಮ ಬೀದಿ ತೋರಿಸ್ತೀರಾ?” ಎಂದೆ.

ತೋರಿಸಿದರು. ಸಾಲಿಗೆ ಏಳು ಮನೆ. ಪಶ್ಚಿಮದ ತುದಿಗೆ ನಮ್ಮಕ್ಕನ ಮನೆ, ಪೂರ್ವದ ತುದಿಗೆ ನನ್ನದು. ಅಕ್ಕನ ಬಾಗಿಲ ಬಳಿಯ ನೀಲಿ ನೀರಿನ ಡ್ರಮ್ಮು ಎಳ್ಳಿನಷ್ಟು ಕಾಣುತ್ತಿತ್ತು. ಅವಳ ಮನೆಯಾಚೆ ನಗರಸಭೆಯ ಹಳೆಯ ಬಂಡಿ ಅಂಗಳ, ಅದಕ್ಕೆ ಕೆಂಪು ಬಣ್ಣ. ಆದರೆ ಆ ಕೆಂಪು ಅಂಗಳದಲ್ಲೇ ನಿಂತಿರಲಿಲ್ಲ. ಅಕ್ಕನ ಮನೆಯ ಮುಂದಿನ ಕೋಣೆಯ ಮೇಲೂ ಹರಿದಿತ್ತು.

“ಈ ಮನೆಯವರು ಒತ್ತುವರಿ ಮಾಡಿದಾರೆ, ಹನ್ನೆರಡು ಅಡಿ. ಶುಕ್ರವಾರ ಸಭೆ ಇದೆ, ಅಂಗಳದ ಜೊತೆ ಇದೂ ಪಟ್ಟಿಗೆ ಹೋಗುತ್ತೆ” ಎಂದರು ಇಂಜಿನಿಯರ್.

ಆ ನಕ್ಷೆಯಲ್ಲಿ ತಪ್ಪಿರಬಹುದು ಎಂದು ನನಗೆ ಹೊಳೆಯಲೇ ಇಲ್ಲ. ಆಕಾಶದಿಂದ ನೋಡಿದ್ದು ಹೇಗೆ ತಪ್ಪಾದೀತು? ಸಂಜೆ ಅಕ್ಕನ ಮನೆಗೆ ಹೋದೆ. ಆ ಮುಂದಿನ ಕೋಣೆಯಲ್ಲೇ ಅವಳ ಹೊಲಿಗೆ ಮೆಷಿನ್ನು, ಅದರಿಂದಲೇ ಅವಳ ಊಟ.

ವಿಷಯ ಹೇಳಿದೆ. ಅವಳು ಮೆಷಿನ್ನು ನಿಲ್ಲಿಸಲೂ ಇಲ್ಲ.

“ಮೂವತ್ತೆರಡು ವರ್ಷ ಆ ಆಫೀಸಿನ ಧೂಳು ಕುಡಿದೆಯಲ್ಲ, ಅದಕ್ಕೆ ಕೊಟ್ಟ ಉಡುಗೊರೆ ಇದಾ? ಬೇರೆ ಯಾರೂ ಸಿಗಲಿಲ್ವಾ ನಿನ್ನ ನಕ್ಷೆಗೆ?”

“ನನ್ನ ನಕ್ಷೆ ಅಲ್ಲ ಅಕ್ಕಾ. ನಿನ್ನ ಮನೆ ಪತ್ರ ತೆಗಿ, ನೋಡೋಣ.”

ಪತ್ರ ತಂದಳು. ‘ಹದಿನಾಲ್ಕನೇ ದೀಪದ ಕಂಬದಿಂದ ಪೂರ್ವಕ್ಕೆ ಮನೆ ಸಾಲು, ಪಶ್ಚಿಮಕ್ಕೆ ಬಂಡಿ ಅಂಗಳ’ ಎಂದಿತ್ತು. ತಲೆಯೆತ್ತಿ ನೋಡಿದೆ. ಹದಿನಾಲ್ಕು ಎಂದು ಬರೆದ ಕಂಬ ಅಕ್ಕನ ಕಿಟಕಿಗೆ ಅಡ್ಡವಾಗಿ, ಕೋಣೆಯ ಒಳಗಿನ ಗೋಡೆಗೆ ನೇರವಾಗಿ ನಿಂತಿತ್ತು. ಅಂದರೆ ಕೋಣೆಯಷ್ಟೂ ಕಂಬದ ಪಶ್ಚಿಮಕ್ಕೆ, ಅಂಗಳದ ಪಾಲಿಗೆ. ನಕ್ಷೆ ಹೇಳಿದ್ದೂ ಅದನ್ನೇ.

“ಏನು ನೋಡ್ತೀಯೇ ಆ ಹಾಳು ಕಂಬಾನ? ಅಲ್ಲಿ ಡ್ರಮ್ಮಿನ ಹತ್ರ ತೆಪ್ಪಗೆ ಇತ್ತು. ಲಾರಿ ಗುದ್ದಿದ್ದೇ ನೆಪ, ತಂದು ನನ್ನ ಕಿಟಕಿಗೆ ನೆಟ್ರು. ಅವತ್ತಿಂದ ಸೂಜಿಗೆ ದಾರ ಪೋಣಿಸೋಕೆ ಬೆಳಕಿಲ್ಲ ನಂಗೆ!”

ಇಪ್ಪತ್ತೈದು ವರ್ಷದಿಂದ ಈ ದೂರು ಕೇಳಿ ಕೇಳಿ ನನ್ನ ಕಿವಿ ತೂತಾಗಿತ್ತು. ಆ ದಿನ ಮಾತ್ರ ಅದು ಕಿವಿಯೊಳಗೆ ಇಳಿಯಿತು. ಹೌದು, ಲಾರಿ ಕಂಬವನ್ನು ಉರುಳಿಸಿತ್ತು. ಹಳೆಯ ಬುಡದ ಕಾಂಕ್ರೀಟು ಕಿತ್ತುಬರಲಿಲ್ಲವೆಂದು ದೀಪದವರು ಪಕ್ಕದಲ್ಲಿ ಹೊಸ ಗುಂಡಿ ತೋಡಿ ಹೊಸ ಕಂಬ ನೆಟ್ಟು, ಅದೇ ಹದಿನಾಲ್ಕನ್ನು ಬರೆದು ಹೋಗಿದ್ದರು. ಅಳತೆ ಪುಸ್ತಕ ಹಳೇ ಕಂಬದ್ದು, ನಕ್ಷೆ ಹೊಸ ಕಂಬದ್ದು!

ಮರುದಿನ ಬೆಳಿಗ್ಗೆ ಇಂಜಿನಿಯರ್ ಅವರನ್ನು ಕರೆದುಕೊಂಡು ಬಂದೆ. ಅಕ್ಕ ಬಾಗಿಲಲ್ಲೇ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು.

“ಡ್ರಮ್ಮು ಸರಿಸಬೇಕಮ್ಮಾ” ಎಂದರು ಇಂಜಿನಿಯರ್.

“ಮನೆ ತಗೊಂಡಾಯ್ತು, ಈಗ ಡ್ರಮ್ಮಾ? ನಿನ್ನೆ ತಾನೇ ತುಂಬಿಸಿದೀನಿ!”

ಮೂವರೂ ಸೇರಿ ಬಕೆಟ್ ಬಕೆಟ್ ನೀರು ಖಾಲಿ ಮಾಡಿದೆವು. ಡ್ರಮ್ಮು ಉರುಳಿಸಿದರೆ ಕೆಳಗೆ ಒಂದು ಚೌಕ ಕಾಂಕ್ರೀಟು, ಅದರಲ್ಲಿ ತುಕ್ಕು ಹಿಡಿದ ನಾಲ್ಕು ಬೋಲ್ಟು. ಅಕ್ಕನ ಹೊರಗೋಡೆಗೆ ನೂಲು ಹಿಡಿದಂತೆ ನೇರವಾಗಿದ್ದವು. ಅಲ್ಲಿಂದ ಹೊಸ ಕಂಬಕ್ಕೆ ಟೇಪು ಹಿಡಿದರು. ಹನ್ನೆರಡು ಅಡಿಗೆ ಎರಡು ಬೆರಳು ಕಡಿಮೆ.

ಇಂಜಿನಿಯರ್ ಆ ಬೋಲ್ಟುಗಳ ಮುಂದೆ ಕುಕ್ಕರುಗಾಲಲ್ಲಿ ಕೂತೇ ಇದ್ದರು. “ಉಪಗ್ರಹಕ್ಕೆ ಕಾಣದ್ದು ಡ್ರಮ್ಮಿನ ಕೆಳಗಿತ್ತು” ಎಂದರು ಮೆಲ್ಲಗೆ.

ಮಧ್ಯಾಹ್ನ ಆಫೀಸಿನಲ್ಲಿ, “ಇಡೀ ಸಾಲನ್ನ ಸರಿಸ್ತೀನಿ, ನೋಡಿ” ಎಂದು ನಕ್ಷೆ ತೆರೆದರು. ಗೆರೆಗಳೆಲ್ಲ ಒಟ್ಟಿಗೆ ಪಶ್ಚಿಮಕ್ಕೆ ಜಾರಿದವು, ಹಾಸಿಗೆಯ ಮೇಲೆ ಸೊಟ್ಟಗಿದ್ದ ಹೊದಿಕೆಯನ್ನು ಯಾರೋ ಎಳೆದು ಸರಿ ಮಾಡಿದ ಹಾಗೆ. ಏಳು ಮನೆಗಳೂ ತಮ್ಮ ತಮ್ಮ ಗೆರೆಯೊಳಗೆ ಹೋಗಿ ಕೂತವು. ಅಕ್ಕನ ಮೇಲಿದ್ದ ಕೆಂಪು ಸರಿದುಹೋಯಿತು. ಒಂದು ಬೆರಳಿನ ಕೆಲಸ! ನನ್ನ ಕಣ್ಣಲ್ಲಿ ನೀರು ಬಂತು.

ಆಗ ಇಂಜಿನಿಯರ್ ಕೈ ತಡೆದರು. “ಈ ಕೊನೇ ಮನೆ ಯಾರದು ಅಮ್ಮಾ?”

“ನಂದೇ.”

“ಗೆರೆಯಿಂದ ಆಚೆ ಇರೋ ಇದು?”

ನೋಡಿದೆ. ನನ್ನ ಮನೆಯಾಚೆ ಪೂರ್ವಕ್ಕಿರುವ ನಗರಸಭೆಯ ಓಣಿಯ ಹಸಿರಿನೊಳಗೆ ನನ್ನ ಅಡುಗೆಮನೆಯ ತಗಡು ಬೆಳ್ಳಗೆ ಹೊಳೆಯುತ್ತಿತ್ತು. ಲಾರಿ ಗುದ್ದಿದ ಮರುವರ್ಷ ಅದನ್ನು ಕಟ್ಟಿಸುವಾಗ ನನ್ನ ಯಜಮಾನರು ನಗರಸಭೆಯವರನ್ನೇ ಕರೆಸಿ ಗುರುತು ಹಾಕಿಸಿಕೊಂಡಿದ್ದರು. ಬಂದವರು ಅಳೆದದ್ದು ಇದೇ ಹೊಸ ಕಂಬದಿಂದ.

“ಅಕ್ಕನ ಮನೆ ಒಂದನ್ನೇ ಸರಿಸೋಕಾಗಲ್ವಾ?” ಬಾಯಿ ತಪ್ಪಿ ಕೇಳಿಬಿಟ್ಟೆ.

“ಎಲ್ಲಾ ಒಂದೇ ಕಂಬದಿಂದ ಅಳೆದದ್ದಲ್ವಾ? ಸರಿದ್ರೆ ಎಲ್ಲಾ ಸರೀಬೇಕು.” ಕನ್ನಡಕ ತಲೆಯ ಮೇಲೇರಿಸಿ, “ಇನ್ನೂ ಸೇವ್ ಮಾಡಿಲ್ಲ” ಎಂದರು. ನನ್ನ ಮುಖ ನೋಡಲಿಲ್ಲ.

ನಾನು ಪರದೆಯನ್ನೇ ನೋಡಿದೆ. ಅಷ್ಟೂ ಮನೆಗಳು ಎಷ್ಟು ಚೆನ್ನಾಗಿ ಕೂತಿದ್ದವು! ಅವನ್ನು ಮತ್ತೆ ಸೊಟ್ಟ ಮಾಡಲು ಮನಸ್ಸು ಬರಲಿಲ್ಲ.

“ಒತ್ತಿ ಮೇಡಂ” ಎಂದೆ.

ಶುಕ್ರವಾರ ಒಂಬತ್ತು ಇಲಾಖೆಗಳೂ ಬರೆದವು. ನಾಲ್ಕು ಗಂಟೆಗೆ ಅಕ್ಕನ ಮನೆ ಪಟ್ಟಿಯಲ್ಲಿರಲಿಲ್ಲ. ಹಿಂದಿನ ಕಾಲದಲ್ಲಾಗಿದ್ದರೆ ಎರಡು ವರ್ಷ ಮೆಟ್ಟಿಲು ಹತ್ತಬೇಕಿತ್ತು. ಓಣಿ ಬೇಕು, ಚರಂಡಿ ಗಾಡಿ ಹೋಗಬೇಕು ಎಂದು ನೀರಿನವರು ಬರೆದಿದ್ದರು. ಅವರ ತಪ್ಪೇನಿಲ್ಲ. ಅಡುಗೆಮನೆ ಬಿಚ್ಚಲು ನನಗೆ ಮೂರು ತಿಂಗಳು ಕೊಟ್ಟರು.

ನಾನು ಅಷ್ಟು ದಿನ ಕಾಯಲಿಲ್ಲ. ಭಾನುವಾರ ಪಾತ್ರೆ ಕಟ್ಟುತ್ತಿದ್ದಾಗ ಅಕ್ಕ ಬಂದಳು. ನಿಂತು ನೋಡಿದಳು.

“ಇಷ್ಟು ವರ್ಷ ನಗರಸಭೆ ಜಾಗದಲ್ಲಿ ಸಾರು ಕುದಿಸಿದೀಯಲ್ಲೇ, ಅದಕ್ಕೇ ನಿನ್ನ ಸಾರಿಗೆ ರುಚಿ ಇರಲಿಲ್ಲ” ಎಂದಳು. ಆಮೇಲೆ ಸ್ಟೌವನ್ನು ತಾನೇ ಎತ್ತಿಕೊಂಡಳು. “ನಡಿ. ಮೆಷಿನ್ ಪಕ್ಕ ಜಾಗ ಇದೆ. ಹನ್ನೆರಡು ಅಡಿ ಇದೆ.”

ಅಂದು ಇಬ್ಬರೂ ಅಲ್ಲೇ ಅಡುಗೆ ಮಾಡಿದೆವು. ತರಕಾರಿ ಹೆಚ್ಚುತ್ತಿದ್ದ ಅಕ್ಕ ಇದ್ದಕ್ಕಿದ್ದಂತೆ ಕೇಳಿದಳು: “ಅಷ್ಟು ಮೇಲಿಂದ ನೋಡಿದ್ರೆ ನಾವಿಬ್ರೂ ಕಾಣ್ತೀವೇನೇ?”

“ಇಲ್ಲ. ಚಾವಣಿ ಕಾಣುತ್ತೆ.”

“ಮತ್ತೆ ಅದೇನು ಮಹಾ ನಕ್ಷೆ!”

“ನಿನ್ನ ಡ್ರಮ್ಮು ಕಾಣುತ್ತೆ. ನೀಲಿ, ಎಳ್ಳಿನಷ್ಟು.”

ಅಕ್ಕ ಕೈಯಲ್ಲಿದ್ದ ಚಾಕು ಕೆಳಗಿಟ್ಟಳು. “ಆಕಾಶದಿಂದ? ನನ್ನ ಡ್ರಮ್ಮು?” ಎಂದಳು. ಎದ್ದು ಹೋದಳು. ಕಿಟಕಿಯಿಂದ ನೋಡಿದರೆ, ಒದ್ದೆ ಬಟ್ಟೆ ಹಿಡಿದು ಡ್ರಮ್ಮಿನ ಮುಚ್ಚಳ ಒರೆಸುತ್ತಿದ್ದಳು. ಒರೆಸಿದ ಮೇಲೆ ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದಳು, ತುಂಬಾ ಹೊತ್ತು.