ಹಾಜರಿ ಪುಸ್ತಕದ ಕೊನೆಯ ಹೆಸರು

ನಮ್ಮನೆಯವರಿಗೆ ಮರೆವಿನ ಕಾಯಿಲೆ ಎಂದು ಡಾಕ್ಟರು ಹೇಳಿದ್ದನ್ನು ನಾನು ಒಪ್ಪಿಕೊಂಡೆ. ಹೆಂಡತಿಯ ಹೆಸರು ಹೇಳಲಿಲ್ಲವೆಂದು ಅಂಕ ಕಳೆದದ್ದನ್ನು ಮಾತ್ರ ಇವತ್ತಿಗೂ ಒಪ್ಪಿಲ್ಲ.

ಡಾಕ್ಟರ ಹೆಸರು ದೀಪ್ತಿ. ತಿಂಗಳಿಗೆರಡು ಸಲ ಸಾಗರಕ್ಕೆ ಬಂದು ನರರೋಗ ನೋಡುತ್ತಾರೆ. ಹೊಸನಗರದಿಂದ ಬಸ್ಸಿನಲ್ಲಿ ಇವರನ್ನು ಕರೆದುಕೊಂಡು ಹೋಗಿದ್ದೆ. ಡಾಕ್ಟರು ಇವತ್ತು ಯಾವ ವಾರ ಎಂದು ಕೇಳಿದರು. ಇವರು ತಪ್ಪು ಹೇಳಿದ್ದಲ್ಲದೆ, ಪ್ರಶ್ನೆ ಸಿಲೆಬಸ್ಸಿನಲ್ಲಿ ಇಲ್ಲವೆಂದು ತಕರಾರು ತೆಗೆದರು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವರು, ಸೋಲುವುದು ಅಭ್ಯಾಸವಿಲ್ಲ.

ಆಮೇಲೆ ಡಾಕ್ಟರು ನನಗೆ ತಿಳಿಯಲೆಂದು ಸಿನಾಪ್ಸ್ ಅಂದರೇನು ಎಂದು ಶುರು ಮಾಡಿದರು. ಇವರು ಅವರ ಕೈಯಿಂದಲೇ ಪೆನ್ನು ಕಸಿದುಕೊಂಡು ಔಷಧಿ ಚೀಟಿಯ ಮೇಲೆ ಚಿತ್ರ ಬರೆದರು.

"ಎರಡು ನರಕೋಶ ಒಂದಕ್ಕೊಂದು ತಾಗೋದಿಲ್ಲಮ್ಮ. ನಡುವೆ ಸಣ್ಣ ಸಂದು ಇರುತ್ತೆ. ಈ ದಡದಿಂದ ರಾಸಾಯನಿಕ ಹೊರಟು ಆ ದಡ ಮುಟ್ಟಿದ್ರೆ ಸುದ್ದಿ ದಾಟ್ತು ಅಂತ. ಹಳ್ಳ ದಾಟೋ ಮರದ ಕಾಲುಸಂಕ ಇದ್ದ ಹಾಗೆ. ಜನ ದಿನಾ ಓಡಾಡಿದ್ರೆ ಮರ ಬದಲಿಸಿ ಗಟ್ಟಿ ಮಾಡ್ತಾರೆ. ಯಾರೂ ದಾಟದಿದ್ರೆ ಕೊಳೆತು ಕುಂಬಾಗಿ ಬೀಳುತ್ತೆ. ಬರ್ಕೊಳ್ಳಿ, ಐದು ಅಂಕದ ಪ್ರಶ್ನೆ."

ಡಾಕ್ಟರು ಬರೆದುಕೊಂಡರು! ನನಗೆ ಹೆಮ್ಮೆಯೋ ಹೆಮ್ಮೆ.

"ಸರಿಯಾಗಿ ಹೇಳಿದ್ರಿ ಸಾರ್," ಎಂದವರು ನನ್ನ ಕಡೆ ತಿರುಗಿದರು. "ಈ ಕಾಯಿಲೇಲಿ ನರಕೋಶ ಸಾಯೋಕೂ ಮೊದಲೇ ಆ ಸಂಕಗಳು ಕಳಚ್ತಾ ಬರ್ತವೆ. ಹೊಸ ನೆನಪು ಮೊದಲು ಹೋಗುತ್ತೆ. ವರ್ಷಗಟ್ಟಲೆ ದಿನಾ ಮಾಡಿದ್ದು ಹೆಚ್ಚು ಕಾಲ ಉಳಿಯುತ್ತೆ." ಮತ್ತೆ ಇವರನ್ನು ಕೇಳಿದರು: "ಸಾರ್, ಇವರ ಹೆಸರೇನು?"

ಇವರು ನನ್ನನ್ನು ನೋಡಿ ನಕ್ಕರು. "ಇವಳು ನಮ್ಮನೆಯವಳು."

"ಹೆಸರು?"

ಇವರು ಫ್ಯಾನು ನೋಡಿದರು. ಡಾಕ್ಟರು ಸೊನ್ನೆ ಹಾಕಿದರು.

ನನಗೆ ಮೈಯೆಲ್ಲ ಉರಿಯಿತು. ಇವರು ನನ್ನ ಹೆಸರು ಹೇಳಿದ್ದು ನಲವತ್ತೊಂದು ವರ್ಷದಲ್ಲಿ ಒಂದೇ ಸಲ. ಮದುವೆಯಾಗಿ ಮನೆ ಸೇರುವಾಗ ನಾದಿನಿಯರು ಬಾಗಿಲು ತಡೆದು, ಹೆಂಡತಿಯ ಹೆಸರು ಹೇಳದೆ ಒಳಗೆ ಬಿಡುವುದಿಲ್ಲ ಎಂದಿದ್ದರು. ಆಗ 'ವನಮಾಲಾ' ಎಂದು ಗೊಣಗಿದರು. ಆಮೇಲೆ ಕಾಫಿಗೆ, ಟವೆಲಿಗೆ, ಕನ್ನಡಕಕ್ಕೆ, ಎಲ್ಲಕ್ಕೂ "ಕೇಳ್ತಾ?" ಎಂದೇ ಕರೆದದ್ದು. ನಮ್ಮ ಕಡೆ ಹೆಂಡತಿಯನ್ನು ಹೆಸರು ಹಿಡಿದು ಕರೆದರೆ ಹಿರಿಯರು ಕೆಮ್ಮುತ್ತಿದ್ದರು. ನಾನೂ ಇವರ ಹೆಸರು ಹೇಳಿದವಳಲ್ಲ, ಬರೆಯಲೂ ಕೈ ಬರುವುದಿಲ್ಲ.

"ಡಾಕ್ಟ್ರೇ, ಕಟ್ಟದೇ ಇದ್ದ ಸಂಕ ಬಿದ್ದುಹೋತು ಹೇಳಿರೆ ಹೆಂಗೆ?" ಎಂದೆ. ಅವರು ಗುಳಿಗೆ ಬರೆದುಕೊಟ್ಟು ಮುಂದಿನವರನ್ನು ಕರೆದರು.

ಮನೆಗೆ ಬಂದರೆ ಮೈದುನ ಹೇರಂಬ ಒಂದು ಚೀಲ ಒಂದೆಲಗ ಹಿಡಿದು ಕಾದಿದ್ದ. "ಅತ್ತಿಗೆ, ಎಂತ ಸಿನಾಪ್ಸು? ದಿನಾ ತಂಬುಳಿ ಮಾಡಿ ಹಾಕು, ಎಲ್ಲಾ ನೆನಪು ವಾಪಸ್ ಬತ್ತು." ಮೂರು ತಿಂಗಳು ಹಾಕಿದೆ. ಇವರು ಉಂಡರು, ಉಂಡದ್ದನ್ನು ಮರೆತು ಮತ್ತೆ ಕೇಳಿ ಉಂಡರು. ಹೇರಂಬ ಮಾತ್ರ ಗುಣ ಕಾಣುತ್ತಿದೆ ಎಂದು ನಿಟ್ಟೂರಿನವರೆಗೂ ಹೇಳಿಕೊಂಡು ಬಂದ.

ನನಗೆ ಬೇಕಾದದ್ದು ಒಂದೇ. ಆ ತಲೆ ಪೂರ್ತಿ ಖಾಲಿಯಾಗುವ ಮೊದಲು ನನ್ನ ಹೆಸರು ಅದರೊಳಗೆ ಕೂರಬೇಕು. ಅಷ್ಟಕ್ಕೂ ಹಕ್ಕಿಲ್ಲವೇ ನನಗೆ?

ದಾರಿ ತೋರಿಸಿದವರೂ ಇವರೇ. ಬೆಳಿಗ್ಗೆ ಹತ್ತು ಗಂಟೆಗೆ ಸರಿಯಾಗಿ ಹಳೆಯ ಹಾಜರಿ ಪುಸ್ತಕ ಹಿಡಿದು ಜಗಲಿಯ ಕುರ್ಚಿಗಳಿಗೆ ಹಾಜರಿ ಕೂಗುತ್ತಿದ್ದರು. "ಅಭಿಷೇಕ, ಬೆಳ್ಳಪ್ಪ, ಜಟ್ಟಿಂಗಪ್ಪ, ತೃಪ್ತಿ..." ಒಂದೂ ತಪ್ಪದು. ಊರ ಮಕ್ಕಳ ಹೆಸರೆಲ್ಲ ಬಾಯಿಪಾಠ! ಹೊಟ್ಟೆಕಿಚ್ಚು ತಡೆಯಲಾರದೆ ಒಂದು ದಿನ ಪಟ್ಟಿಯ ಕೊನೆಯಲ್ಲಿ ನನ್ನ ಹೆಸರು ಬರೆದು, ಕುರ್ಚಿಯಲ್ಲಿ ಹೋಗಿ ಕೂತೆ.

"ವನಮಾಲಾ?" ಇವರು ಕನ್ನಡಕ ಸರಿಮಾಡಿಕೊಂಡರು. "ಹೊಸ ಅಡ್ಮಿಷನ್ನಾ? ಟಿ.ಸಿ. ತಂದಿದೀಯಾ?"

"ನಾಳೆ ತರ್ತೀನಿ ಸಾರ್," ಎಂದೆ. ಅರವತ್ತೆರಡನೆಯ ವಯಸ್ಸಿಗೆ ಹತ್ತನೇ ಕ್ಲಾಸಿಗೆ ಸೇರಿದೆ.

ಆಮೇಲೆ ಒಂದು ದಿನವೂ ತಪ್ಪಿಸಲಿಲ್ಲ. ಒಗ್ಗರಣೆ ಒಲೆಯ ಮೇಲಿದ್ದರೂ ಓಡಿ ಬಂದು "ಹಾಜರ್ ಸಾರ್" ಅನ್ನುತ್ತಿದ್ದೆ. ಎರಡು ತಿಂಗಳಲ್ಲಿ ಪುಸ್ತಕ ನೋಡದೆಯೇ ನನ್ನ ಹೆಸರು ಕೂಗಲು ಶುರು ಮಾಡಿದರು. ತಂಬುಳಿಯಿಂದ, ಎಂದ ಹೇರಂಬ.

ಮೊನ್ನೆ ಗುಳಿಗೆ ತರಲು ಬೆಳಿಗ್ಗೆಯೇ ಸಾಗರಕ್ಕೆ ಹೋಗಬೇಕಾಯಿತು. ಪಕ್ಕದ ಮನೆಯ ದುಗ್ಗಮ್ಮನನ್ನು ಇವರ ಜೊತೆ ಕೂರಿಸಿ ಹೋದೆ. ಬಸ್ಸಿಳಿದು ಬರುವಾಗ ನಾಲ್ಕು ಗಂಟೆ. ಇವರು ಪುಸ್ತಕ ಹಿಡಿದು ಗೇಟಿನಲ್ಲಿ ನಿಂತಿದ್ದರು.

"ಹತ್ತು ಗಂಟೆಯಿಂದ ಇಲ್ಲೇ ನಿಂತಾರೆ ಅಮ್ಮಾ. ಊಟಾನೂ ಬ್ಯಾಡ ಅಂದ್ರು," ಎಂದಳು ದುಗ್ಗಮ್ಮ.

ಇವರು ನನ್ನನ್ನು ನೋಡಿದರು. ಹೊರಗಿನವರ ಹತ್ತಿರ ಮಾತಾಡುವ ಮರ್ಯಾದೆಯಲ್ಲಿ ಕೇಳಿದರು: "ನಮ್ಮ ಕ್ಲಾಸಿನಲ್ಲಿ ವನಮಾಲಾ ಅಂತ ಒಬ್ಬಳು ಹುಡುಗಿ ಇದ್ದಾಳೆ. ಒಂದಿನಾನೂ ತಪ್ಪಿಸಿದವಳಲ್ಲ. ದಾರೀಲಿ ಎಲ್ಲಾದ್ರೂ ನೋಡಿದ್ರಾ ನೀವು?"

ಹೆಸರು ಗಟ್ಟಿಯಾಗಿ ಕೂತಿತ್ತು. ಮುಖ ಹೋಗಿತ್ತು.

"ನೋಡಿದೆ ಸಾರ್. ಬಸ್ಸು ತಡವಾಯ್ತಂತೆ. ಬರ್ತಾಳೆ, ನೀವು ಊಟ ಮಾಡಿ."

ಇವರು ನಂಬಿದರು, ಪುಸ್ತಕವನ್ನು ನನ್ನ ಕೈಗಿಟ್ಟು ಒಳಗೆ ನಡೆದರು. ತೆರೆದು ನೋಡಿದೆ. ಉಳಿದವರೆಲ್ಲರ ಮುಂದೆ ಗೈರು ಎಂದು ಗುರುತು ಹಾಕಿದ್ದರು. ನನ್ನ ಹೆಸರಿನ ಮುಂದಿನ ಚೌಕವನ್ನು ಮಾತ್ರ ಖಾಲಿ ಬಿಟ್ಟಿದ್ದರು.