ಗಿರಿಜವ್ವ ಆರಿಸಿದ ಮೀಟರು

ನಾನು ಹುಟ್ಟಿದ್ದು ಒಂದು ಉದ್ದನೆಯ ಮೇಜಿನ ಮೇಲೆ. ಒಬ್ಬಾಕೆ ನನ್ನ ಹೊಟ್ಟೆಯಲ್ಲಿ ಹಸಿರು ಹಲಗೆಯನ್ನು ಕೂರಿಸಿದಳು, ಇನ್ನೊಬ್ಬಾಕೆ ಬೆನ್ನಿಗೆ ತಿರುಪು ಬಿಗಿದಳು. ಮೇಜಿನ ತುದಿಯಲ್ಲಿ ಕುಳಿತಿದ್ದ ವಯಸ್ಸಾದವನೊಬ್ಬ ನನ್ನ ಡಯಲನ್ನು ಒಂದು ಸುತ್ತು ತಿರುಗಿಸಿ, ಅದರ ‘ಕಟ್ ಕಟ್’ ಸದ್ದಿಗೆ ಕಿವಿಗೊಟ್ಟು ತಲೆಯಾಡಿಸಿದ. ಕರೆಂಟು, ವೋಲ್ಟೇಜು ಅಳೆಯುವ ಮಲ್ಟಿಮೀಟರಾದ ನನಗೆ ಅದೇ ನಾಮಕರಣ. ಕೆಂಪು ತಂತಿ ಒಂದು, ಕಪ್ಪು ತಂತಿ ಒಂದು ನನ್ನ ಜೊತೆಗಿಟ್ಟು ಪೆಟ್ಟಿಗೆ ಮುಚ್ಚಿದರು.

ಪೆಟ್ಟಿಗೆ ತೆರೆದಾಗ ನಾನು ಗದಗಿನ ಒಂದು ವಿದ್ಯುತ್ ಸಾಮಾನಿನ ಅಂಗಡಿಯ ಗಾಜಿನ ಕಪಾಟಿನಲ್ಲಿದ್ದೆ. ನನ್ನ ಪಕ್ಕದಲ್ಲಿ ಇನ್ನೊಂದು ಮೀಟರಿತ್ತು. ಮೈಯೆಲ್ಲ ಮಿರಮಿರ ಬಣ್ಣ, ತಲೆಯ ಮೇಲೆ ಪುಟ್ಟ ದೀಪ, ಬೆಲೆಯೂ ಕಡಿಮೆ. ಬಂದವರೆಲ್ಲ ಅದನ್ನೇ ಎತ್ತಿಕೊಂಡು ಹೋಗುತ್ತಿದ್ದರು. ಮರುದಿನ ಅದರ ತಮ್ಮ ಆ ಜಾಗಕ್ಕೆ ಬರುತ್ತಿದ್ದ. ನಾನು ಧೂಳು ತಿನ್ನುತ್ತಾ ಬಿದ್ದಿದ್ದೆ. ಭಾರ ಹೆಚ್ಚು, ಬಣ್ಣ ಮಂಕು. ಮೂಲೆಯ ಸರಕಿಗೆ ತಾಳ್ಮೆ ತಾನಾಗಿ ಬರುತ್ತದೆ.

ಒಂದು ಬೆಳಿಗ್ಗೆ ಒಬ್ಬ ಹೆಂಗಸು ಬಂದಳು. ಸೆರಗಿನ ಅಂಚಿಗೆ ಜೋಳದ ಹಿಟ್ಟು ಮೆತ್ತಿತ್ತು. ಅವಳೇ ಗಿರಿಜವ್ವ, ಮನೆಯಲ್ಲಿ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುವವಳು. ಅವಳ ಹಿಂದೆ ಬಂದ ಗಂಡ ಕೊಟ್ರಪ್ಪ, ವೈರ್‌ಮನ್, ಬಾಗಿಲಲ್ಲೇ ನಿಂತ. ಅವನ ಬಲ ಹುಬ್ಬು ಅರ್ಧ ಸುಟ್ಟುಹೋಗಿತ್ತು. ಅಂಗೈಗೆ ಬಟ್ಟೆ ಕಟ್ಟಿತ್ತು.

ಆದದ್ದು ಅಂಗಡಿಯವನಿಗೆ ಆಗಲೇ ಗೊತ್ತಿತ್ತು. ಮೀಟರಿನ ಫ್ಯೂಸ್ ಹೋದರೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿ ಕೆಲಸ ನಡೆಸುವುದು ಆ ಊರಿನ ವೈರ್‌ಮನ್‌ಗಳ ಹಳೆಯ ರೂಢಿ. ಕೊಟ್ರಪ್ಪನೂ ಸುತ್ತಿದ್ದ. ಫ್ಯೂಸ್ ಕರಗಬೇಕಾದ ಹೊತ್ತಿನಲ್ಲಿ ಬೆಳ್ಳಿ ಕಾಗದ ಕರಗಿ ಕರೆಂಟನ್ನು ತಡೆಯಲಿಲ್ಲ. ಮೀಟರು ಕೈಯಲ್ಲೇ ಸಿಡಿಯಿತು. ನೆಟ್ಟಗಿರುವ ಮೀಟರು ಮನೆಗೆ ಬರುವತನಕ ಕೆಲಸಕ್ಕೆ ಹೋಗಕೂಡದು, ಅದನ್ನು ತಾನೇ ಆರಿಸಬೇಕು ಎಂದು ಗಿರಿಜವ್ವ ಹಟ ಹಿಡಿದಿದ್ದಳು.

ಅವಳು ಮೊದಲು ದೀಪದವನನ್ನು ಎತ್ತಿ ನೋಡಿದಳು, ಆಮೇಲೆ ನನ್ನನ್ನು. ಮಡಕೆ ಕೊಳ್ಳುವವಳಂತೆ ಬೆರಳಲ್ಲಿ ತಟ್ಟಿದಳು. ತಂತಿಯನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಸಿಪ್ಪೆ ಬಿರಿಯುತ್ತದೋ ಎಂದು ನೋಡಿದಳು. ಡಯಲ್ ತಿರುಗಿಸಿದಳು. ಪಕ್ಕದವನದು ಎರಡು ಗುರುತುಗಳ ನಡುವೆ ಸಡಿಲವಾಗಿ ಜಾರಿತು. ನನ್ನದು ನಿಂತಲ್ಲಿ ನಿಂತಿತು.

“ಎರಡರದೂ ಹೊಟ್ಟಿ ತಗದು ತೋರಸ್ರಿ ಅಣ್ಣಾರ.”

“ಅಕ್ಕಾರ, ಇದೇನು ಬದನಿಕಾಯೇನ್ರಿ, ಹುಳಾ ನೋಡಾಕ?”

“ಬದನಿಕಾಯಿ ಹುಳಕಿದ್ರ ಪಲ್ಯ ಕೆಡತೈತ್ರಿ. ಇದು ಹುಳಕಿದ್ರ ನನ್ನ ಗಂಡ ಕೆಡತಾನ.”

ಅಂಗಡಿಯವನು ನಗುತ್ತಾ ತಿರುಪು ಬಿಚ್ಚಿದ. ದೀಪದವನ ಹೊಟ್ಟೆಯಲ್ಲಿ ಎಳೆಯಂಥ ಗಾಜಿನ ಫ್ಯೂಸಿತ್ತು. ನನ್ನದರಲ್ಲಿ ಕಿರುಬೆರಳಿನಷ್ಟು ದಪ್ಪನೆಯ ಬಿಳಿ ಪಿಂಗಾಣಿ ಕೊಳವೆ, ಅದರೊಳಗೆ ಮರಳು. ತಪ್ಪಾಗಿ ಹಿಡಿದಾಗ ಒಳಗೆ ಕಿಡಿ ಎದ್ದರೆ ಆ ಮರಳೇ ಅದನ್ನು ನುಂಗಿಬಿಡುತ್ತದೆ, ಹೊರಗೆ ಬರಗೊಡುವುದಿಲ್ಲ ಎಂದು ಅವನು ತಿಳಿಸಿ ಹೇಳಿದ. ಆದರೆ ಅದು ಒಮ್ಮೆ ಸುಟ್ಟರೆ ಅಂಥ ಇನ್ನೊಂದು ಫ್ಯೂಸ್ ಗದಗಿನಲ್ಲಿ ಸಿಗದು, ಹುಬ್ಬಳ್ಳಿಗೇ ಹೋಗಬೇಕು ಎಂಬುದನ್ನೂ ಮುಚ್ಚಿಡಲಿಲ್ಲ.

ಗಿರಿಜವ್ವ ನನ್ನನ್ನು ಗಂಡನ ಕೈಗೆ ಕೊಟ್ಟಳು. “ಇದರಾಗೂ ಬೆಳ್ಳಿ ಕಾಗದ ಸುತ್ತಿದ್ರ, ನಾಳಿಂದ ನನ್ನ ಜೋಡಿ ಕುಂತು ರೊಟ್ಟಿ ಬಡೀರಿ.”

ಹೆಂಡತಿ ಆರಿಸಿದ ಮೀಟರು ಎಂದು ಊರೆಲ್ಲ ಆಡಿಕೊಂಡಿತು. ಕೊಟ್ರಪ್ಪನಿಗೂ ಮೊದಮೊದಲು ನನ್ನ ಮೇಲೆ ಮುನಿಸೇ. ನನ್ನನ್ನು ಚೀಲದ ತಳಕ್ಕೆ, ಸುತ್ತಿಗೆಯ ಕೆಳಗೆ ತುರುಕುತ್ತಿದ್ದ. ಆದರೂ ನಾನು ಹೇಳಿದ ಅಂಕಿ ಸುಳ್ಳಾಗದ್ದನ್ನು ನೋಡುತ್ತಾ ನೋಡುತ್ತಾ ಚೀಲದ ಮೇಲಿನ ಖಾನೆಗೆ ತಂದ. ಕೆಲಸಗಾರನ ಪ್ರೀತಿ ಬಾಯಿಂದ ಬರುವುದಿಲ್ಲ, ಸಾಮಾನು ಇಡುವ ಜಾಗದಿಂದ ತಿಳಿಯುತ್ತದೆ.

ನಾಗರಪಂಚಮಿಯ ಹಿಂದಿನ ದಿನ ಬೆಟಗೇರಿಯ ಅಂದಾನಪ್ಪನ ಹಿಟ್ಟಿನ ಗಿರಣಿ ನಿಂತಿತು. ಹಬ್ಬದ ಉಂಡೆಗಳಿಗೆ ಕಡಲೆ ಬೀಸಿಸಲು ಬಂದ ಹೆಂಗಸರ ಡಬ್ಬಿಗಳು ರಸ್ತೆಯವರೆಗೆ ಸಾಲುಗಟ್ಟಿದ್ದವು. ಮೋಟಾರು ಕಾದು ಕಾದು ನಿಲ್ಲುತ್ತಿತ್ತು. ಅದಕ್ಕೆ ಬರುವ ಮೂರು ತಂತಿಗಳಲ್ಲಿ ಒಂದೊಂದೂ ಎಷ್ಟು ಕರೆಂಟು ಎಳೆಯುತ್ತಿದೆ ಎಂದು ಕೊಟ್ರಪ್ಪ ನನ್ನಿಂದ ಅಳೆಯತೊಡಗಿದ. ಒಂದು ಮುಗಿಯಿತು. ಅಷ್ಟರಲ್ಲಿ ಚಹಾ ಬಂತು. ಚಹಾ ಕುಡಿದು ಬಂದವನು ವೋಲ್ಟೇಜನ್ನೂ ನೋಡೋಣವೆಂದು ನನ್ನ ಡಯಲ್ ತಿರುಗಿಸಿದ. ಕೆಂಪು ತಂತಿಯನ್ನು ಮಾತ್ರ ಕರೆಂಟು ಅಳೆಯುವ ತೂತಿನಲ್ಲೇ ಮರೆತ. ಹಾಗೇ ಮೋಟಾರಿನ ತಂತಿಗಳಿಗೆ ಮುಟ್ಟಿಸಿದ. ಆ ತೂತಿನಿಂದ ಕರೆಂಟು ಅಡ್ಡಿಯಿಲ್ಲದೆ ನನ್ನೊಳಗೆ ನುಗ್ಗಿತು.

ನನ್ನ ಹೊಟ್ಟೆಯೊಳಗೆ ‘ಟಪ್’ ಎಂದಿತು. ಬೆಂಕಿ ಎದ್ದದ್ದೂ ಮರಳು ಅದನ್ನು ನುಂಗಿದ್ದೂ ನನಗೆ ಗೊತ್ತಾಯಿತು. ಕೊಟ್ರಪ್ಪ ಮುಖಕ್ಕೆ ಅಡ್ಡ ಹಿಡಿದ ಕೈಯನ್ನು ಮೆಲ್ಲಗೆ ಇಳಿಸಿದ. ಅಂಗೈ ನೋಡಿಕೊಂಡ. ಉಳಿದ ಹುಬ್ಬನ್ನು ಮುಟ್ಟಿ ನೋಡಿಕೊಂಡ.

ಇನ್ನೆರಡು ತಂತಿ ಅಳೆಯುವುದು ಬಾಕಿ. ಡಬ್ಬಿಯ ಸಾಲಿನಲ್ಲಿ ಗೊಣಗಾಟ ಎದ್ದಿತ್ತು. ಅಂದಾನಪ್ಪ ತನ್ನ ಸಿಗರೇಟ್ ಪ್ಯಾಕಿನಿಂದ ಬೆಳ್ಳಿ ಕಾಗದ ಹರಿದು ಚಾಚಿದ. ಒಂದು ತಾಸಿನ ಕೆಲಸಕ್ಕೆ ಏನೂ ಆಗುವುದಿಲ್ಲ ಎಂದ. ಕೊಟ್ರಪ್ಪ ಕಾಗದವನ್ನು ತೊಡೆಯ ಮೇಲೆ ಸವರಿ ನೆಟ್ಟಗೆ ಮಾಡಿದ. ನನ್ನ ಬೆನ್ನು ಬಿಚ್ಚಿದ. ಬಿಳಿ ಕೊಳವೆಯನ್ನು ಹೊರತೆಗೆದು ಬೆರಳ ನಡುವೆ ಹೊರಳಿಸಿ ನೋಡಿದ. ನನಗೆ ನನ್ನ ಚಿಂತೆ ಇರಲಿಲ್ಲ. ಕಾಗದ ಸುತ್ತಿದರೆ ಮುಂದಿನ ಸಲದ ಬೆಂಕಿಯನ್ನು ತಡೆಯುವುದು ನನ್ನಿಂದಾಗದು. ಅದು ಅವನ ಮುಖಕ್ಕೇ ಹೋಗುತ್ತದೆ.

ಅವನು ಕಾಗದವನ್ನು ಮಡಚಿ ತಿರುಗಿ ಕೊಟ್ಟ. “ನಿಮ್ಮ ಕಡೀನ ಇರ್ಲಿ ಮಾಲಕರ. ನಾ ಹುಬ್ಬಳ್ಳಿಗೆ ಹೋಗಿ ಬರ್ತೀನಿ.”

“ಹೆಂಡ್ತಿ ಆರಿಸಿದ್ದಲ್ಲೇನು, ಮೀಟರೂ ಆಕೀ ಹಂಗ ಹಟಾ ಮಾಡ್ತೈತಿ.”

“ನನ್ನನ್ನೂ ಆಕೀನ ಆರಿಸ್ಯಾಳ್ರಿ. ಅಲ್ಲಿ ಮೋಸ ಹೋದ್ಲು, ಇಲ್ಲಿ ಹೋಗಿಲ್ಲ.”

ಸಾಲಿನಲ್ಲಿದ್ದವರು ನಕ್ಕರು. ಕೆಲವರು ಡಬ್ಬಿ ಎತ್ತಿಕೊಂಡು ಬೇರೆ ಗಿರಣಿಗೆ ನಡೆದರು. ಸಂಜೆಯ ಬಸ್ಸಿಗೆ ಕೊಟ್ರಪ್ಪ ಹೊಸ ಫ್ಯೂಸ್ ತಂದು, ಅಳೆದು, ಒಂದು ತಂತಿಯ ಕರೆಂಟೇ ಕಡಿಮೆ ಇದ್ದದ್ದನ್ನು ಕಂಡು ಅದರ ಸಡಿಲ ಬಿದ್ದ ಗಂಟನ್ನು ಬಿಗಿದ. ಗಿರಣಿ ತಿರುಗಿತು. ಅಂದಾನಪ್ಪ ದೀಪಾವಳಿಯವರೆಗೆ ಮುಖ ಊದಿಸಿಕೊಂಡಿದ್ದ. ಆಮೇಲೆ ಮತ್ತೆ ಇವನನ್ನೇ ಕರೆದ.

ಮನೆಗೆ ಬಂದು ಕೊಟ್ರಪ್ಪ ಸುಟ್ಟ ಕೊಳವೆಯನ್ನು ಹೆಂಡತಿಯ ಹಿಟ್ಟಿನ ಅಂಗೈಯಲ್ಲಿಟ್ಟ. ಅವಳು ಅದನ್ನು ನೋಡಿದಳು, ಅವನ ಮುಖ ನೋಡಿದಳು.

“ಸುಟ್ಟಿದ್ದು ಇಷ್ಟ ಏನ್ರಿ?”

“ಇಷ್ಟ.”

ಅವಳು ಅದನ್ನು ದೇವರ ಜಗುಲಿಯ ಮೇಲೆ ಇಟ್ಟುಬಂದಳು.

ಈಗ ತಂತಿ ಬಿಚ್ಚದೆ ಬಾಯಲ್ಲಿ ಕಚ್ಚಿ ಹಿಡಿದು ಅಳೆಯುವ ಕ್ಲಾಂಪ್ ಮೀಟರು ಬಂದಿದೆ. ಅದು ಕೊಟ್ರಪ್ಪನ ಚೀಲ ಸೇರಿತು. ನಾನು ರೊಟ್ಟಿ ಕೋಣೆಯ ಗೂಡು ಸೇರಿದೆ. ನನಗೆ ಬೇಸರವಿಲ್ಲ. ಒಲೆಯ ಬಿಸುಪು, ರೊಟ್ಟಿ ಬಡಿಯುವ ತಾಳ ಹಿತವಾಗಿವೆ. ಗಿರಿಜವ್ವ ಬ್ಯಾಟರಿಯ ಸೆಲ್ಲು, ಗಡಿಯಾರದ ಸೆಲ್ಲು ಸತ್ತಿದೆಯೋ ಬದುಕಿದೆಯೋ ಎಂದು ನನ್ನನ್ನೇ ಕೇಳುತ್ತಾಳೆ. ಆರಿಸಿದವಳ ಕೈಗೇ ಕೊನೆಗೆ ಬಂದು ಸೇರುವ ಭಾಗ್ಯ ಎಷ್ಟು ಸಾಮಾನಿಗೆ ಉಂಟು?

ಆಯುಧಪೂಜೆಯ ದಿನ ಎಲ್ಲ ಸಾಮಾನನ್ನೂ ಮಣೆಯ ಮೇಲೆ ಜೋಡಿಸುತ್ತಾರೆ. ಗಿರಿಜವ್ವ ಮೊದಲ ಕುಂಕುಮವನ್ನು ಆ ಸುಟ್ಟ ಕೊಳವೆಗೆ ಇಡುತ್ತಾಳೆ, ಎರಡನೆಯದನ್ನು ನನಗೆ. ಕಾದು ಕುಳಿತ ಕೊಟ್ರಪ್ಪ ತನಗೆಂದು ಹಣೆ ಮುಂದೆ ಮಾಡುತ್ತಾನೆ.

“ತಡೀರಿ,” ಎನ್ನುತ್ತಾಳೆ ಅವಳು ಪ್ರತಿವರ್ಷವೂ, “ನಿಮ್ಮ ಹುಬ್ಬು ಪೂರಾ ಬರ್ಲಿ.”

ಹಾಗೆನ್ನುತ್ತಲೇ, ಆ ಅರ್ಧ ಹುಬ್ಬಿನ ಪಕ್ಕಕ್ಕೆ, ಎಲ್ಲಕ್ಕಿಂತ ದೊಡ್ಡ ಬೊಟ್ಟನ್ನು ಇಡುತ್ತಾಳೆ.